ಗುಜರಾತಿ ಕಲಿತ ಫೋನು ಕನ್ನಡ ಕಲಿಯುವುದೆಂದು?

ಹೊಸ ದುಬಾರಿ ಫೋನೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ವಿಮರ್ಶಕರು ಕೇಳುವ ಪ್ರಶ್ನೆ ಒಂದೇ: ಇದು ತನ್ನ ಪ್ರತಿಸ್ಪರ್ಧಿಗಳಿಗೆ ಸರಿಸಾಟಿಯೇ? ಉತ್ತರವನ್ನು ಅವರು ಕ್ಯಾಮೆರಾ, ಬ್ಯಾಟರಿ, ಪ್ರೊಸೆಸರುಗಳ ಕೋಷ್ಟಕದಲ್ಲಿ ಹುಡುಕುತ್ತಾರೆ. ಅಹಮದಾಬಾದಿನ ರಿಲೀಫ್ ರಸ್ತೆಯ ಅಂಗಡಿಯವರು, ವಡೋದರದ ಅಲ್ಕಾಪುರಿಯ ಮಳಿಗೆಯವರು, ಸೂರತ್ತಿನ ವ್ಯಾಪಾರಿಗಳು ಅದೇ ಕೋಷ್ಟಕವನ್ನು ಗುಜರಾತಿಯಲ್ಲಿ ನಿರರ್ಗಳವಾಗಿ ಒಪ್ಪಿಸುತ್ತಾರೆ. ನಾನೂ ಇಲ್ಲಿ ಅದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಿದ್ದೇನೆ. ಆದರೆ ಅಳೆಯುವ ಕೋಲನ್ನು ಮಾತ್ರ ನಮ್ಮ ಮನೆಯೊಳಗಿನಿಂದ ತಂದಿದ್ದೇನೆ. ಕರ್ನಾಟಕದ ಹೊರಗೆ ಬದುಕು ಕಟ್ಟಿಕೊಂಡ ಕನ್ನಡ ಕುಟುಂಬವೊಂದಕ್ಕೆ ಈ ಲಕ್ಷ ರೂಪಾಯಿಯ ಯಂತ್ರಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದೇ ನನ್ನ ವಿಚಾರ.

ಮೊದಲು ಎಲ್ಲರೂ ಬಳಸುವ ಕೋಲಿನಿಂದಲೇ ಅಳೆದು ನೋಡೋಣ. 2025ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾದ ಆರಂಭಿಕ ಬೆಲೆ 1,29,999 ರೂಪಾಯಿ. ಅದೇ ವರ್ಷದ ಆಗಸ್ಟಿನಲ್ಲಿ ಗೂಗಲ್‌ನ ಪಿಕ್ಸೆಲ್ 10 ಪ್ರೊ 1,09,999ಕ್ಕೆ ಬಂದಿತು. ಸೆಪ್ಟೆಂಬರಿನಲ್ಲಿ ಆ್ಯಪಲ್‌ನ ಐಫೋನ್ 17 ಪ್ರೊ 1,34,900ಕ್ಕೆ ಬಂದಿತು. ಒಂದರಲ್ಲಿ 200 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾ, ಇನ್ನೊಂದರಲ್ಲಿ 48 ಮೆಗಾಪಿಕ್ಸೆಲ್‌ನ ಮೂರು ಕ್ಯಾಮೆರಾಗಳು. ನವೆಂಬರಿನಲ್ಲಿ ಬಂದ ಒನ್‌ಪ್ಲಸ್ 15 ಇವುಗಳಿಗಿಂತ ಬಹಳ ಅಗ್ಗ. ಆದರೂ ಅದರ ಬ್ಯಾಟರಿ 7,300 ಎಂಎಎಚ್, ಅಲ್ಟ್ರಾದ್ದು 5,000. ಇಷ್ಟೆಲ್ಲ ಅಂಕಿಗಳ ನಡುವೆ ಒಂದು ಸರಳ ಸತ್ಯ ಮರೆಯಾಗುತ್ತದೆ. ಮೊಮ್ಮಗನ ಜನ್ಮದಿನದ ಚಿತ್ರ ತೆಗೆಯಲು, ಬ್ಯಾಂಕಿನ ಹಣ ಕಳಿಸಲು, ರೈಲಿನ ಟಿಕೆಟು ಕಾಯ್ದಿರಿಸಲು ಇವುಗಳಲ್ಲಿ ಯಾವುದಾದರೂ ಸಾಕು, ಸಾಕೆಂಬುದಕ್ಕಿಂತಲೂ ಹೆಚ್ಚು. ಯಂತ್ರಾಂಶದ ಓಟದಲ್ಲಿ ಎಲ್ಲರೂ ಒಂದೇ ಗೆರೆಯ ಆಸುಪಾಸಿನಲ್ಲಿದ್ದಾರೆ.

ಇದನ್ನು ತಯಾರಕರು ನಮಗಿಂತ ಮೊದಲೇ ಅರಿತರು. ಆದ್ದರಿಂದಲೇ ಈಗಿನ ಸ್ಪರ್ಧೆ ಗಾಜು ಲೋಹಗಳಿಂದ ಮಾತಿನ ಕಡೆಗೆ ಹೊರಳಿದೆ. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ಎಸ್24 ಸರಣಿಯೊಡನೆ ಗ್ಯಾಲಕ್ಸಿ ಎಐ ಎಂಬ ಹೆಸರಿನಲ್ಲಿ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳನ್ನು ತಂದಿತು. ಅವುಗಳಲ್ಲಿ ಎಲ್ಲರ ಗಮನ ಸೆಳೆದದ್ದು ಕರೆಯ ನಡುವೆಯೇ ನಡೆಯುವ ಅನುವಾದ. ನೀವು ನಿಮ್ಮ ಭಾಷೆಯಲ್ಲಿ ಮಾತನಾಡುತ್ತೀರಿ, ಆ ಕಡೆಯವರಿಗೆ ಅವರ ಭಾಷೆಯಲ್ಲಿ ಕೇಳಿಸುತ್ತದೆ. ಪಿಕ್ಸೆಲ್ 10 ಕೂಡ ಇಂಥದ್ದನ್ನೇ ಹೊತ್ತು ಬಂದಿತು, ಐಫೋನು 2025ರ ಹೊಸ ತಂತ್ರಾಂಶದಲ್ಲಿ ಇದನ್ನು ಸೇರಿಸಿಕೊಂಡಿತು. ಪರಭಾಷೆಯ ನಾಡಿನಲ್ಲಿ ಬದುಕುವ ನಮ್ಮಂಥವರಿಗಾಗಿಯೇ ಹುಟ್ಟಿದ ಸೌಲಭ್ಯವಿದು ಎಂದು ಯಾರಿಗಾದರೂ ಅನ್ನಿಸಬೇಕು.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸ್ಪಷ್ಟವಾಗುತ್ತದೆ. ಫೋನು ಮೊದಲು ಕೇಳಿದ ಧ್ವನಿಯನ್ನು ಅಕ್ಷರಕ್ಕಿಳಿಸುತ್ತದೆ. ಆ ಅಕ್ಷರವನ್ನು ಇನ್ನೊಂದು ಭಾಷೆಗೆ ಅನುವಾದಿಸುತ್ತದೆ. ಅನುವಾದವನ್ನು ಮತ್ತೆ ಧ್ವನಿಯಾಗಿ ನುಡಿಯುತ್ತದೆ. ಕಿವಿ, ಬುದ್ಧಿ, ನಾಲಗೆ ಎಂಬ ಈ ಮೂರನ್ನೂ ಪ್ರತಿ ಭಾಷೆಗೆ ಬೇರೆಬೇರೆಯಾಗಿ ಕಲಿಸಬೇಕು. ಕಲಿಸಲು ನಿಜವಾದ ಜನರ ನಿಜವಾದ ಮಾತು ರಾಶಿಗಟ್ಟಲೆ ಬೇಕು. ಮಾತುಕತೆಯನ್ನು ಫೋನಿನೊಳಗೇ ನಡೆಸಿ, ದೂರದ ಸರ್ವರಿಗೆ ಕಳಿಸದೆ ಮುಗಿಸಬೇಕಾದರೆ ಆ ಕಲಿಕೆಯನ್ನೆಲ್ಲ ಹಿಂಡಿ ಚಿಕ್ಕದಾಗಿಸಿ ಸಾಧನದೊಳಗೆ ತುಂಬಬೇಕು. ಹಾಗಾಗಿ ಯಾವ ಭಾಷೆಗೆ ಈ ಶ್ರಮ ವಿನಿಯೋಗವಾಗುತ್ತದೆ ಎಂಬುದು ಕೇವಲ ತಾಂತ್ರಿಕ ಸಂಗತಿಯಾಗಿ ಉಳಿಯುವುದಿಲ್ಲ. ಯಾವ ಜನರನ್ನು ಗಿರಾಕಿಗಳೆಂದು ಎಣಿಸಲಾಗಿದೆ ಎಂಬುದರ ಘೋಷಣೆಯೂ ಆಗುತ್ತದೆ.

ಈಗ ನಮ್ಮ ಕೋಲನ್ನು ಹಿಡಿಯೋಣ. ಕರೆಯ ಅನುವಾದದೊಡನೆ ಪಿಕ್ಸೆಲ್ 10 ಬಂದಾಗ ಅದರ ಪಟ್ಟಿಯಲ್ಲಿದ್ದ ಭಾರತೀಯ ಭಾಷೆ ಹಿಂದಿಯೊಂದೇ. ಐಫೋನಿನ ಆರಂಭದ ಪಟ್ಟಿಯಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಗ್ಯಾಲಕ್ಸಿ ಎಐ 13 ಭಾಷೆಗಳೊಡನೆ ಆರಂಭವಾಯಿತು. ಥಾಯ್, ವಿಯೆಟ್ನಾಮೀ, ಪೋಲಿಷ್ ಭಾಷೆಗಳಿದ್ದ ಆ ಪಟ್ಟಿಯಲ್ಲಿಯೂ ಭಾರತದಿಂದ ಹಿಂದಿ ಮಾತ್ರ. ಬಳಿಕ 2025ರ ಕೊನೆಯ ಭಾಗದಲ್ಲಿ ಆ ಪಟ್ಟಿಗೆ ಎರಡನೆಯ ಭಾರತೀಯ ಭಾಷೆ ಸೇರಿತು. ಅದು ಗುಜರಾತಿ. ಕನ್ನಡದ ಅಂಕಣದಲ್ಲಿ ಮೂರು ಕಡೆಯೂ ಸೊನ್ನೆ.

ಗುಜರಾತಿ ಸೇರಿದ ಸುದ್ದಿ ನನಗೆ ಸಂತೋಷವನ್ನೇ ಕೊಟ್ಟಿತು. ನಾವು ಉಣ್ಣುವ ಅನ್ನದ ನಾಡಿನ ಭಾಷೆಯದು. ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಅದನ್ನೇ ಮಾತನಾಡುತ್ತಾರೆ. ಆದರೆ ಸಂತೋಷದ ಬೆನ್ನಿಗೇ ಇನ್ನೊಂದು ಸಂಗತಿ ನೆನಪಾಯಿತು. ಗ್ಯಾಲಕ್ಸಿ ಎಐಗೆ ಹಿಂದಿ ಕಲಿಸಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಕೊರಿಯಾದ ಹೊರಗೆ ಸ್ಯಾಮ್‌ಸಂಗ್‌ನ ಅತಿ ದೊಡ್ಡ ಸಂಶೋಧನಾ ಕೇಂದ್ರ ಅಲ್ಲಿದೆ. ವೆಲ್ಲೂರಿನ ವಿಐಟಿ ವಿಶ್ವವಿದ್ಯಾಲಯದ ನೆರವಿನಿಂದ ಸುಮಾರು ಹತ್ತು ಲಕ್ಷ ಸಾಲುಗಳಷ್ಟು ಆಡುಮಾತಿನ ಧ್ವನಿಯನ್ನು ಕಲೆಹಾಕಿ, ಹಿಂದಿಯ ಇಪ್ಪತ್ತಕ್ಕೂ ಹೆಚ್ಚು ಪ್ರಾದೇಶಿಕ ಬಗೆಗಳನ್ನು ಗಣನೆಗೆ ತೆಗೆದುಕೊಂಡು ಆ ಮಾದರಿಯನ್ನು ರೂಪಿಸಲಾಯಿತು. ಥಾಯ್, ವಿಯೆಟ್ನಾಮೀ, ಇಂಡೋನೇಷ್ಯನ್ ಭಾಷೆಗಳ ಕೆಲಸದಲ್ಲಿಯೂ ಆ ಕೇಂದ್ರದ ಕೈಯಿದೆ. ಪ್ರಯೋಗಾಲಯದ ಬಾಗಿಲಿನಾಚೆ ಆಟೋದವರು, ಹೂ ಮಾರುವವರು, ಕಾವಲಿನವರು ದಿನವಿಡೀ ಆಡುವ ಭಾಷೆ ಮಾತ್ರ ಒಳಗೆ ಸರದಿಗಾಗಿ ಕಾಯುತ್ತಿದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಹೊಸ ಉದಾಹರಣೆ ಸಿಗಲಾರದು.

ಐಫೋನಿನ ಕಥೆಯೂ ಇದರ ನೆರೆಯದೇ. ಆ ಫೋನು ಜಗತ್ತಿಗೆ ಬಂದದ್ದು 2007ರಲ್ಲಿ. ಅದರೊಳಗೆ ಕನ್ನಡದ ಸ್ವಂತ ಕೀಲಿಮಣೆ ಬಂದದ್ದು 2017ರಲ್ಲಿ. ಅದೇ ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಆರಂಭವಾಯಿತು. ಆಮೇಲೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು, 2023ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು. ಈಗ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಸಂಸ್ಥೆ ಐಫೋನ್ 17ನ್ನು ಜೋಡಿಸುತ್ತಿದೆ. ಇಂಗ್ಲಿಷಿನೊಡನೆ ಕನ್ನಡ ಬೆರೆಸಿ ಸಿರಿಯನ್ನು ಮಾತನಾಡಿಸುವ ಅವಕಾಶ 2024ರ ತಂತ್ರಾಂಶದೊಡನೆ ಬಂದಿತು. ಫೋನಿನ ಆಯ್ಕೆಪಟ್ಟಿಗಳನ್ನೆಲ್ಲ ಕನ್ನಡದಲ್ಲಿ ಕಾಣುವ ಅವಕಾಶ 2025ರ ವಸಂತದಲ್ಲಿ, ಇತರ ಒಂಬತ್ತು ಭಾಷೆಗಳ ಜೊತೆಗೆ, ಬಂದಿತು. ಬಂದದ್ದನ್ನು ಬಂದಿದೆ ಎಂದು ಒಪ್ಪುವುದೇ ನ್ಯಾಯ. ಆದರೂ ಕೋಲಾರದ ಹೆಣ್ಣುಮಕ್ಕಳ ಬೆರಳುಗಳು ಜೋಡಿಸಿದ ಫೋನು ಆ ಬೆರಳುಗಳ ಭಾಷೆಯನ್ನು ತನ್ನ ಮೈಮೇಲೆ ತೋರಿಸಲು ಇಷ್ಟು ವರ್ಷ ತೆಗೆದುಕೊಂಡಿತು ಎಂಬುದೂ ಅಷ್ಟೇ ನಿಜ.

ಇದೆಲ್ಲ ಅಭಿಮಾನದ ಮಾತಾಯಿತು, ಬದುಕಿಗೆ ಇದರಿಂದ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಅವರಿಗೆ ವಡೋದರದ ಒಂದು ಮನೆಯನ್ನು ತೋರಿಸಬೇಕು. ನನ್ನ ಸಹೋದ್ಯೋಗಿಯೊಬ್ಬರ ತಾಯಿ ಹಾವೇರಿ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಮಗ ಸೊಸೆ ಕಚೇರಿಗೆ, ಮೊಮ್ಮಗಳು ಶಾಲೆಗೆ ಹೊರಟರೆ ಬೆಳಗಿನಿಂದ ಸಂಜೆಯವರೆಗೆ ಅವರೊಬ್ಬರೇ. ಹಿಂದಿ ಬಾರದು, ಇಂಗ್ಲಿಷು ಬಾರದು. ತರಕಾರಿ ಗಾಡಿಯ ಬೆನ್ ಅಕ್ಕರೆಯಿಂದ 'ಬಾ' ಎನ್ನುತ್ತಾಳೆ. ಗುಜರಾತಿಯಲ್ಲಿ ಅದು ತಾಯಿಯನ್ನು ಕರೆಯುವ ಮಾತು. ಇವರ ಕಿವಿಗೆ ಅದು ಏಕವಚನದಲ್ಲಿ ಕರೆದಂತೆ ಕೇಳಿಸಿ ಮೊದಲ ಕೆಲವು ದಿನ ಮುಖ ಗಂಟಿಕ್ಕಿತಂತೆ. ಇದು ನಕ್ಕು ಮರೆಯುವ ಸಂಗತಿ. ವೈದ್ಯರ ಮುಂದಿನದು ಹಾಗಲ್ಲ. 'ಕಾಲಾಗ ಜೋಮ ಹಿಡದಂಗ ಆಗತೈತಿ, ರಾತ್ರಿ ಉರೀತೈತಿ' ಎಂದು ಅವರು ಹೇಳಿದರೆ, ಮಗ ಎರಡನ್ನೂ ಸೇರಿಸಿ 'ದರ್ದ್ ಹೈ' ಎಂದು ದಾಟಿಸುತ್ತಾನೆ. ಜೋಮು, ಉರಿ, ಸೆಳೆತ, ನೋವು ಒಂದೇ ಅಲ್ಲ. ಮಧುಮೇಹದ ರೋಗಿಯ ಕಾಲಿನಲ್ಲಿ ಈ ವ್ಯತ್ಯಾಸದಿಂದಲೇ ವೈದ್ಯರು ನರದ ತೊಂದರೆಯನ್ನು ಗುರುತಿಸಬೇಕಾಗಬಹುದು. ಆ ವ್ಯತ್ಯಾಸವನ್ನು ಹೇಳಬಲ್ಲ ಭಾಷೆ ತಾಯಿಯ ಬಾಯಲ್ಲಿ ಸಮೃದ್ಧವಾಗಿದೆ. ದಾಟಿಸುವ ಸೇತುವೆ ಮಾತ್ರ ಇಲ್ಲ.

ಆ ಮನೆಯಲ್ಲಿ ಗುಜರಾತಿ ಬಲ್ಲ ದುಬಾರಿ ಫೋನಿದ್ದರೆ ಏನಾಗುತ್ತದೆ? ವೈದ್ಯರ ಗುಜರಾತಿ ಅದಕ್ಕೆ ತಿಳಿಯುತ್ತದೆ. ಅದನ್ನು ಹಿಂದಿಗೋ ಇಂಗ್ಲಿಷಿಗೋ ತಂದುಕೊಡುತ್ತದೆ. ಆದರೆ ಹಿಂದಿಯೋ ಇಂಗ್ಲಿಷೋ ಬಲ್ಲವರಿಗೆ ಈ ಊರುಗಳಲ್ಲಿ ಫೋನಿನ ನೆರವು ಬೇಕಾಗುವುದೇ ಅಪರೂಪ. ಅಹಮದಾಬಾದಿನಲ್ಲಿ, ವಡೋದರದಲ್ಲಿ, ಸೂರತ್ತಿನಲ್ಲಿ ಹಿಂದಿಯಲ್ಲಿ ಕೇಳಿದರೆ ಉತ್ತರ ಕೊಡದವರು ಕಡಿಮೆ. ನೆರವು ಬೇಕಾದದ್ದು ಕನ್ನಡವೊಂದನ್ನೇ ಬಲ್ಲವರಿಗೆ. ಅಂದರೆ ನಮ್ಮ ಮನೆಗಳ ಹಿರಿಯರಿಗೆ. ಅವರಿಗೆ ಆ ಬಾಗಿಲು ಮುಚ್ಚಿದೆ. ಅಗತ್ಯವಿಲ್ಲದವರಿಗೆ ಸೌಲಭ್ಯವಿದೆ, ಅಗತ್ಯವಿದ್ದವರಿಗೆ ಅದಿಲ್ಲ. ಕನ್ನಡ ಮನೆಯ ಮಟ್ಟಿಗೆ ಈ ಫೋನುಗಳ ಅತಿ ದೊಡ್ಡ ಕೊರತೆ ಇದೇ. ಯಾವ ವಿಮರ್ಶೆಯ ಕೋಷ್ಟಕದಲ್ಲಿಯೂ ಇದಕ್ಕೊಂದು ಸಾಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಗೂಗಲ್ ಕನ್ನಡಕ್ಕೆ ಧ್ವನಿಯ ಬರವಣಿಗೆಯನ್ನು 2017ರಲ್ಲಿಯೇ ಕೊಟ್ಟಿದೆ. ಅದರ ಜೆಮಿನಿ 2024ರಿಂದ ಕನ್ನಡದಲ್ಲಿ ಸಂಭಾಷಿಸುತ್ತಿದೆ. ಗೂಗಲ್ ಅನುವಾದದಲ್ಲಿ ಗುಜರಾತಿಯಿಂದ ಕನ್ನಡಕ್ಕೆ ನೇರ ದಾರಿಯಿದೆ. ಹೀಗಿರುವಾಗ ಫೋನು ತಯಾರಿಸಿದವರನ್ನೇ ಏಕೆ ದೂರಬೇಕು? ಮಾತು ಸರಿ, ಈ ಸೌಲಭ್ಯಗಳನ್ನು ನಮ್ಮ ಹಿರಿಯರಿಗೆ ಇಂದೇ ಕಲಿಸಿಕೊಡಬೇಕು ಎಂದೂ ನಾನು ಹೇಳುತ್ತೇನೆ. ಆದರೆ ಈ ಆಕ್ಷೇಪ ದುಬಾರಿ ಫೋನಿನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ಇವೆಲ್ಲ ಹದಿನೈದು ಸಾವಿರ ರೂಪಾಯಿಯ ಫೋನಿನಲ್ಲಿಯೂ ಸಿಗುತ್ತವೆ. ಕನ್ನಡಕ್ಕೆ ಸಂಬಂಧಿಸಿದ ಎಲ್ಲವನ್ನೂ ಅಗ್ಗದ ಫೋನೇ ಮಾಡಿಕೊಡುವುದಾದರೆ ಮಿಕ್ಕ ಲಕ್ಷ ರೂಪಾಯಿಯಲ್ಲಿ ಕೃತಕ ಬುದ್ಧಿಮತ್ತೆಯ ಹೆಸರಿಗೆ ಸಲ್ಲುವ ಪಾಲು ಯಾವ ಸೇವೆಗಾಗಿ?

ಎರಡಕ್ಕೂ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಸಾಧನದೊಳಗೇ ನಡೆಯುವ ಅನುವಾದಕ್ಕೆ ಜಾಲದ ಹಂಗಿಲ್ಲ, ಮಾತು ಮನೆಯಿಂದ ಹೊರಹೋಗುವುದೂ ಇಲ್ಲ. ಸರ್ಕಾರಿ ನೌಕರರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. 2025ರ ಜನವರಿಯಲ್ಲಿ ಹಣಕಾಸು ಸಚಿವಾಲಯವು ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಸೇವೆಗಳನ್ನು ಬಳಸಬಾರದೆಂದು ತನ್ನ ಸಿಬ್ಬಂದಿಗೆ ಸೂಚಿಸಿದ್ದು ಗೋಪ್ಯತೆಯ ಕಾರಣಕ್ಕಾಗಿಯೇ. ಕಡತದ ಗೋಪ್ಯತೆಗೆ ಇಷ್ಟು ಎಚ್ಚರವಿರುವಾಗ ತಾಯಿಯೊಬ್ಬರು ವೈದ್ಯರೊಡನೆ ಆಡುವ ಮಾತಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಏಕೆ? ಆ ಮರ್ಯಾದೆಯನ್ನು ಕಾಯುವ ಸಾಮರ್ಥ್ಯ ಇಂದು ಮುಖ್ಯವಾಗಿ ದುಬಾರಿ ಫೋನಿನ ಚಿಪ್ಪಿಗಿದೆ. ಸಾಮರ್ಥ್ಯವಿದ್ದ ಕಡೆ ಕನ್ನಡವಿಲ್ಲ.

ಎರಡನೆಯ ಆಕ್ಷೇಪ ಜನಸಂಖ್ಯೆಯದು. ಕಂಪನಿಗಳು ಲಾಭಕ್ಕಾಗಿ ದುಡಿಯುತ್ತವೆ, ಹೆಚ್ಚು ಜನ ಆಡುವ ಭಾಷೆಗೆ ಮೊದಲ ಸರದಿ ಸಹಜ ಎನ್ನುತ್ತಾರೆ. 2011ರ ಜನಗಣತಿಯನ್ನು ತೆರೆದು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಗುಜರಾತಿ ಮಾತೃಭಾಷಿಕರು ಸುಮಾರು 5.5 ಕೋಟಿ, ಕನ್ನಡಿಗರು ಸುಮಾರು 4.4 ಕೋಟಿ. ಗುಜರಾತಿ ನಮಗಿಂತ ಮುಂದಿದೆ, ನಿಜ. ಆದರೆ ಬಂಗಾಳಿಗೆ 9.7 ಕೋಟಿ, ಮರಾಠಿಗೆ 8.3 ಕೋಟಿ, ತೆಲುಗಿಗೆ 8.1 ಕೋಟಿ, ತಮಿಳಿಗೆ 6.9 ಕೋಟಿ ಜನರಿದ್ದಾರೆ. ಅವರೆಲ್ಲರನ್ನೂ ದಾಟಿ ಗುಜರಾತಿ ಎರಡನೆಯ ಸ್ಥಾನಕ್ಕೆ ಬಂದಿತು. ತಲೆ ಎಣಿಕೆಯೊಂದೇ ನಿರ್ಣಾಯಕವಲ್ಲ ಎಂಬುದು ಇದರಿಂದ ಸ್ಪಷ್ಟ. ಇದು ನಮಗೆ ಆಶಾದಾಯಕವೂ ಹೌದು. ಏಕೆಂದರೆ ಜನಸಂಖ್ಯೆಯನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ, ಭಾಷೆಯ ಬಳಕೆಯನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿದೆ.

ಗುಜರಾತಿಗಳಿಂದ ಕಲಿಯಬೇಕಾದ ಪಾಠ ಇಲ್ಲಿದೆ. ಅವರು ತಮ್ಮ ಭಾಷೆಯನ್ನು ಕವಿಗೋಷ್ಠಿಗೆ ಮಾತ್ರ ಮೀಸಲಿಡಲಿಲ್ಲ, ವ್ಯಾಪಾರಕ್ಕೆ ಹಚ್ಚಿದರು. ಇಂದಿಗೂ ಪ್ರಕಟವಾಗುತ್ತಿರುವ ಏಷ್ಯಾದ ಅತ್ಯಂತ ಹಳೆಯ ಪತ್ರಿಕೆಯೆಂದು ಹೆಸರಾದ ಮುಂಬಯಿ ಸಮಾಚಾರ 1822ರಲ್ಲಿ ಆರಂಭವಾದದ್ದು ಗುಜರಾತಿಯಲ್ಲಿ. ಸೂರತ್ತಿನ ಸೀರೆ ಮಾರುಕಟ್ಟೆಯಲ್ಲಿ, ವಜ್ರದ ಗದ್ದಿಗಳಲ್ಲಿ ಕೋಟಿಗಳ ವ್ಯವಹಾರ ಇಂದಿಗೂ ಬಾಯಿಮಾತಿನ ಗುಜರಾತಿಯಲ್ಲಿ ಕುದುರುತ್ತದೆ. ಗೊಂಡಲದ ಮಹಾರಾಜ ಭಗವತ್‌ಸಿಂಹಜೀ ಅವರ ಆಸ್ಥೆಯಿಂದ ರೂಪುಗೊಂಡ ಒಂಬತ್ತು ಸಂಪುಟಗಳ ಬೃಹತ್ ನಿಘಂಟು ಭಗವದ್ಗೋಮಂಡಲವನ್ನು 2008ರಲ್ಲಿ ಅಂತರ್ಜಾಲಕ್ಕೆ ತಂದದ್ದು ಗುಜರಾತಿ ಲೆಕ್ಸಿಕಾನ್ ತಂಡ. ಅದರ ಸ್ಥಾಪಕ ರತಿಲಾಲ್ ಚಂದರಿಯಾ ವೃತ್ತಿಯಿಂದ ಉದ್ಯಮಿ, ಹುಟ್ಟಿದ್ದು ಕೀನ್ಯಾದಲ್ಲಿ. ನಾಡಿನಿಂದ ದೂರವಿದ್ದವರೊಬ್ಬರು ತಮ್ಮ ಹಣವನ್ನೂ ಇಳಿವಯಸ್ಸಿನ ವರ್ಷಗಳನ್ನೂ ಭಾಷೆಯ ಈ ಮರಗೆಲಸಕ್ಕೆ ಸುರಿದರು ಎಂಬುದನ್ನು ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು.

ಇಂಥ ನಿದರ್ಶನಗಳು ನಮ್ಮಲ್ಲಿಯೂ ಇವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ನಮ್ಮಲ್ಲಿ ಬಹಳಷ್ಟು ಮಂದಿ ಇಂದು ಕನ್ನಡ ಬರೆಯುತ್ತೇವೆ. ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ಬರಹ ತಂತ್ರಾಂಶ ಪರದೇಶದ ಕನ್ನಡಿಗರ ಕೈಗೆ ಮತ್ತೆ ಲೇಖನಿ ಕೊಟ್ಟಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಈಗ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸಂಪತ್ತು. ಕಟ್ಟುವವರು ನಮ್ಮಲ್ಲಿ ಕಡಿಮೆಯಾಗಿಲ್ಲ, ಕಟ್ಟಿದ್ದರೊಳಗೆ ವಾಸಿಸುವವರು ಕಡಿಮೆ. ಕನ್ನಡದ ಆಯ್ಕೆ ಇದ್ದರೂ ಫೋನನ್ನು ಇಂಗ್ಲಿಷಿನಲ್ಲಿಯೇ ಇಟ್ಟು, ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆದು, ನವೆಂಬರಿನಲ್ಲಿ ಧ್ವಜದ ಚಿತ್ರ ಹಂಚಿಕೊಳ್ಳುವ ಗಿರಾಕಿಯನ್ನು ಯಾವ ಕಂಪನಿಯಾದರೂ ಇಂಗ್ಲಿಷಿನವನೆಂದೇ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ತಪ್ಪೆಂದು ಹೇಳುವುದು ಕಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದು ಎರಡು ನಿಮಿಷದ ಕೆಲಸ. ಕನ್ನಡವನ್ನು ಕನ್ನಡ ಅಕ್ಷರದಲ್ಲಿಯೇ ಬರೆಯುವುದು, ಬರೆಯಲು ಬೇಸರವಾದರೆ ಬಾಯಲ್ಲಿ ಹೇಳಿ ಬರೆಸುವುದು ಮುಂದಿನದು. ಅಂಗಡಿಯಲ್ಲಿ ಹೊಸ ಫೋನು ನೋಡುವಾಗ ಕ್ಯಾಮೆರಾದ ವಿವರ ಕೇಳುವ ಮೊದಲು ಇದರ ಅನುವಾದ ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಕೇಳಬೇಕು. ರಿಲೀಫ್ ರಸ್ತೆಯ ವ್ಯಾಪಾರಿಗೆ ಗಿರಾಕಿಯ ಪ್ರಶ್ನೆಯೆಂದರೆ ಹಣದಷ್ಟೇ ಪವಿತ್ರ; ಹತ್ತು ಜನ ಕೇಳಿದ್ದನ್ನು ಅವರು ವಿತರಕರ ಕಿವಿಗೆ ಮುಟ್ಟಿಸದೆ ಬಿಡುವುದಿಲ್ಲ.

ನಮ್ಮ ಕನ್ನಡ ಸಂಘಗಳು ಮಾಡಬಹುದಾದ, ತವರಿನಲ್ಲಿ ಅಷ್ಟು ಸುಲಭವಲ್ಲದ ಕೆಲಸವೂ ಒಂದಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಗೆ 2022ರ ಜುಲೈ 4ರಂದು ಚಾಲನೆ ದೊರೆತದ್ದು ನಮ್ಮ ನೆರೆಯ ಗಾಂಧಿನಗರದಲ್ಲಿ. ಅದರ 'ಭಾಷಾದಾನ'ದಲ್ಲಿ ಯಾರು ಬೇಕಾದರೂ ತಮ್ಮ ಧ್ವನಿಯನ್ನು, ಅನುವಾದವನ್ನು ಭಾಷೆಗೆ ಕಾಣಿಕೆಯಾಗಿ ಕೊಡಬಹುದು. ಹೊರನಾಡಿನ ಒಂದು ಯುಗಾದಿಯ ಊಟದ ಪಂಕ್ತಿಯಲ್ಲಿ ಧಾರವಾಡ, ಕಲಬುರಗಿ, ಕುಂದಾಪುರ, ಮಂಗಳೂರು, ಮೈಸೂರು, ಕೋಲಾರಗಳ ಕನ್ನಡಗಳು ಒಟ್ಟಿಗೆ ಕುಳಿತಿರುತ್ತವೆ. ಹಿಂದಿಗೆ ಇಪ್ಪತ್ತು ಬಗೆಗಳನ್ನು ಅರಸಿ ಕಲಿಸಬೇಕಾಯಿತು. ನಮಗೆ ಅವೆಲ್ಲ ಒಂದೇ ಸಭಾಂಗಣದಲ್ಲಿ ಸಿಗುತ್ತವೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಭಾಷಣಗಳನ್ನು ಅರ್ಧ ಗಂಟೆ ಮೊಟಕುಗೊಳಿಸಿ, ಹಿರಿಯರಿಂದ ಅವರವರ ಊರಿನ ಮಾತನ್ನು ದಾಖಲಿಸಿದರೆ ಅದು ಹಾರ ತುರಾಯಿಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. 'ಜೋಮ ಹಿಡದೈತಿ' ಎಂಬ ಮಾತನ್ನು ಯಂತ್ರ ಎಂದಾದರೂ ಸರಿಯಾಗಿ ಕೇಳಿಸಿಕೊಳ್ಳಬೇಕಾದರೆ ಅದನ್ನು ಆಡುವವರ ಧ್ವನಿ ಅದರ ಪಾಠದಲ್ಲಿರಬೇಕು.

ಇನ್ನು ಮೂಲ ಪ್ರಶ್ನೆಗೆ ನನ್ನ ತೀರ್ಪು. ಈ ಫೋನುಗಳು ಪರಸ್ಪರ ಸರಿಸಾಟಿಯೇ ಎಂದರೆ, ಹೌದು. ಕನ್ನಡದ ಮಟ್ಟಿಗೆ ಎಲ್ಲವೂ ಸಮಾನವಾಗಿ ಹಿಂದುಳಿದಿವೆ. ಚಿತ್ರ ತೆಗೆಯುವ ಹುಚ್ಚಿದ್ದವರು, ಒಂದೇ ಫೋನನ್ನು ಏಳು ವರ್ಷ ಬಾಳಿಸುವವರು ಧಾರಾಳವಾಗಿ ಕೊಳ್ಳಲಿ. ಕೃತಕ ಬುದ್ಧಿಮತ್ತೆಯ ಆಸೆಗಾಗಿ ಮನೆಯ ಹಿರಿಯರಿಗೆ ಲಕ್ಷ ಕೊಟ್ಟು ಕೊಡಿಸುವ ಯೋಚನೆಯಿದ್ದರೆ ಸದ್ಯಕ್ಕೆ ತಡೆಯಿರಿ. ಅವರಿಗೆ ಬೇಕಾದ ಕನ್ನಡ ಸಾಧಾರಣ ಬೆಲೆಯ ಫೋನಿನಲ್ಲಿಯೂ ಅಷ್ಟೇ ಇದೆ. ಉಳಿದ ಹಣದಲ್ಲಿ ಅವರನ್ನು ಒಮ್ಮೆ ಊರಿಗೆ ಕರೆದುಕೊಂಡು ಹೋಗಿ ಬನ್ನಿ. ಅಲ್ಲಿಯ ವೈದ್ಯರಿಗೆ ಜೋಮು ಯಾವುದು, ಉರಿ ಯಾವುದು ಎಂದು ಅನುವಾದವಿಲ್ಲದೆ ತಿಳಿಯುತ್ತದೆ.